ಗುಡ್ಡ ಅಗೆದು ಇಲಿ ಹಿಡಿದ ಮಾಸ್ತರು

ಮೂಸಿ ನದಿಯ ನಾತ ಮೂಗಿಗೆ ಬಡಿದಾಗಲೆಲ್ಲ ನನಗೆ ನಮ್ಮ ಕನ್ನಡ ಮಾಸ್ತರರ ನೆನಪಾಗುತ್ತದೆ. ಇದರಲ್ಲಿ ಅವರಿಗೆ ಅವಮಾನವೇನಾದರೂ ಇದ್ದರೆ ಇರಲಿ, ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಹೋದ ವಾರ ಮಲಕ್‌ಪೇಟೆಯ ಬೀಗರ ಮನೆಗೆ ಹೊರಟಿದ್ದೆ. ಚಾದರ್‌ಘಾಟ್ ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತುಬಿಟ್ಟವು. ಆಟೋದವನು ಕೊರಳಲ್ಲಿದ್ದ ಕರವಸ್ತ್ರವನ್ನು ಮೂಗಿಗೆ ಏರಿಸಿಕೊಂಡ, ನಾನು ಸೆರಗು ಮುಚ್ಚಿಕೊಂಡೆ. ಕೊಳೆತ ನೀರು, ಕಾರ್ಖಾನೆಗಳ ರಾಡಿ, ಸುಟ್ಟ ಪ್ಲಾಸ್ಟಿಕ್... ಎಲ್ಲ ಸೇರಿದ ಆ ವಾಸನೆಯ ನಡುವೆ ಮಾಸ್ತರರು ಎಂದಿನಂತೆ ನನ್ನನ್ನು ತಿದ್ದಲು ಬಂದರು. 'ನಾತ ಅನಬ್ಯಾಡ, ದುರ್ಗಂಧ ಅನ್ನು.' ಅನ್ನುವುದಿಲ್ಲ ಮಾಸ್ತರೇ, ನಾತವೇ ಅದು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಅವರು ನಮ್ಮ ಬಗ್ಗೆ ಏನೇನು ಆಡಿದರೆಂದು ಕೇಳಿದವರು ಈ ಮಾತನ್ನು ಅಷ್ಟು ಸಲೀಸಾಗಿ ಹೇಳಲಾರರು.

ಸಿಕಂದರಾಬಾದಿನಲ್ಲಿ ಒಂದೇ ಅಂಗಳಕ್ಕೆ ಬಾಗಿಲು ತೆರೆದುಕೊಂಡಿದ್ದ ಐದು ಮನೆಗಳಲ್ಲಿ ಕೊನೆಯದು ನಮ್ಮದು, ರಸ್ತೆಯ ಕಡೆಯದು ಮಾಸ್ತರರದು. ನಾನು ಓದುತ್ತಿದ್ದ ಕನ್ನಡ ಶಾಲೆಯಲ್ಲಿ ಅವರು ಕನ್ನಡ ಕಲಿಸುತ್ತಿದ್ದರು. ಹೀಗಾಗಿ ಶಾಲೆ ಬಿಟ್ಟ ಮೇಲೂ ನನಗೆ ಬಿಡುಗಡೆ ಇರಲಿಲ್ಲ. ಧಾರವಾಡದ ಕಡೆಯವರು, ಒಂಟಿ ಜೀವ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರಂತೆ. ಅಂಗಳದ ಹೆಂಗಸರು ಅದನ್ನು ನೆನೆದು ಅಯ್ಯೋ ಅನ್ನುತ್ತಿದ್ದರು. ನಾನು ಮಾತ್ರ ಆ ತಾಯಿ ಬೇಗ ಪಾರಾದಳೆಂದುಕೊಳ್ಳುತ್ತಿದ್ದೆ. ಹದಿನೈದು ವರ್ಷದ ಹುಡುಗಿ ಹಾಗೆಲ್ಲ ಯೋಚಿಸಬಾರದು, ಆದರೆ ಯೋಚಿಸುತ್ತಿದ್ದೆ.

ನಾವು ಕಲಬುರಗಿ ಜಿಲ್ಲೆಯವರು. ಅಪ್ಪ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಫಿಟ್ಟರ್. ಅವ್ವ ಅಕ್ಷರ ಕಲಿತವಳಲ್ಲ, ಆದರೆ ತರಕಾರಿಯವಳ ಜೊತೆ ತೆಲುಗು, ಹಾಲಿನವನ ಜೊತೆ ದಖನಿ ಉರ್ದು, ದೇವರ ಜೊತೆ ಕನ್ನಡ ಆಡುತ್ತಿದ್ದಳು. ಮೂರೂ ಒಂದರೊಳಗೊಂದು ಕಾಲಿಡುತ್ತಿದ್ದವು. ಮಾಸ್ತರರಿಗೆ ನಮ್ಮ ಮನೆಯ ಮಾತು ಕಿವಿಗೆ ಬಿದ್ದರೆ ಸಾಕು, ಹಲ್ಲು ನೋಯುವವರ ಹಾಗೆ ಮುಖ ಮಾಡುತ್ತಿದ್ದರು. 'ಕನ್ನಡ ಅಲ್ಲ ಅದು, ಖಿಚಡಿ' ಎನ್ನುತ್ತಿದ್ದರು. ಅಪ್ಪನ ಅಂಗಿಗಳಿಗೆ ರಾಸಾಯನಿಕದ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವನ್ನು ಅಂಗಳದ ಹಗ್ಗದ ಮೇಲೆ ಹಾಕಬೇಡಿ, ಹಿತ್ತಿಲಲ್ಲಿ ಹಾಕಿರಿ ಎಂದು ಹೇಳಿ ಕಳಿಸಿದವರೂ ಅವರೇ. ಅಪ್ಪ ಅವತ್ತೇ ಹಿತ್ತಿಲಲ್ಲಿ ಹಗ್ಗ ಕಟ್ಟಿದ. ಆ ಹಗ್ಗ ಕಟ್ಟುವಾಗಿನ ಅವನ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ಇಂಥ ಮನುಷ್ಯನಿಗೆ ಒಂದು ಹುಚ್ಚಿತ್ತು. ಹಿಂದಿನ ಕಾಲದಲ್ಲಿ ಮೂಷಿಕರು ಎಂಬ ಜನ ಇದ್ದರಂತೆ. ಪುರಾಣಗಳಲ್ಲಿ ದಕ್ಷಿಣದ ಜನರನ್ನು ಹೆಸರಿಸುವಾಗ ಇವರೂ ಬರುತ್ತಾರೆ. ಬಂದು, ಏನು ಮಾಡಿದರು, ಹೇಗಿದ್ದರು ಎಂದು ಹೇಳದೆಯೇ ಹೋಗುತ್ತಾರೆ. ಕಳಿಂಗದ ಕಡೆಯ ಒಂದು ಹಳೆಯ ಶಾಸನದಲ್ಲಿ ಆ ಹೆಸರಿದೆ ಎಂದು ಕೆಲವರು ಓದುತ್ತಾರೆ. ಅಕ್ಷರ ಸವೆದಿದೆ, ಅದು ಬೇರೆಯೇ ಹೆಸರು ಎಂದು ಇನ್ನು ಕೆಲವರು. ಈ ಮೂಷಿಕರು ಕೇರಳದ ಕರಾವಳಿಯವರೋ, ನಮ್ಮ ಮೂಸಿ ನದಿಯ ದಂಡೆಯವರೋ, ಯಾರಿಗೂ ಖಚಿತವಿಲ್ಲ. ಮೂಷಿಕ ಎಂದರೆ ಇಲಿ. ಒಂದಿಡೀ ಜನಕ್ಕೆ ಇಲಿ ಎಂದು ಯಾಕೆ ಹೆಸರು ಬಂತು? ಜನರಿಂದ ಹೊಳೆಗೆ ಹೆಸರು ಬಂತೋ, ಹೊಳೆಯಿಂದ ಜನಕ್ಕೆ ಬಂತೋ? ಹೊಳೆಯ ಹಳೆಯ ಹೆಸರು ಮುಚುಕುಂದಾ ಎನ್ನುತ್ತಾರಲ್ಲ, ಅದು ಸವೆದು ಮೂಸಿ ಆಯಿತೋ? ಇದಕ್ಕಾಗಿ ಮಾಸ್ತರರು ಒಂದು ತಗಡಿನ ಟ್ರಂಕು ತುಂಬ ಟಿಪ್ಪಣಿ ಮಾಡಿಟ್ಟಿದ್ದರು. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಮೂಸಿಯ ದಂಡೆಗುಂಟ ತಿರುಗಿ ಬರುತ್ತಿದ್ದರು. ಬಂದವರೇ ಚಪ್ಪಲಿಯನ್ನು ಅಂಗಳದ ನಲ್ಲಿಯಲ್ಲಿ ತೊಳೆಯುತ್ತಿದ್ದರು. ಅಪ್ಪನ ಅಂಗಿಯ ವಾಸನೆ ತಡೆಯದ ಮೂಗು ಇದನ್ನು ಹೇಗೆ ತಡೆಯುತ್ತಿತ್ತೋ ದೇವರೇ ಬಲ್ಲ.

ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ತಾವು ಬರೆದದ್ದು ತಮಗೇ ಓದಲು ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿತ್ತು. ಎಂಟನೇ ತರಗತಿಯಲ್ಲಿದ್ದಾಗ ಒಂದು ದಿನ ಅಪ್ಪನನ್ನು ಕರೆದು, ಇನ್ನುಮುಂದೆ ನಿನ್ನ ಮಗಳು ಭಾನುವಾರ ಮಧ್ಯಾಹ್ನ ನನ್ನ ಲೇಖನದ ಶುದ್ಧ ಪ್ರತಿ ಬರೆಯಲಿ ಎಂದರು. ಕೇಳಿದ್ದಲ್ಲ, ಹೇಳಿದ್ದು. ಹೀಗೆ ನಾನು ಎರಡು ವರ್ಷ ಇಲಿಗಳ ಹಿಂದೆ ಓಡಾಡಿದೆ. ಅವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಹೇಳುವರು, ನಾನು ನೆಲದ ಮೇಲೆ ಕೂತು ಬೆರಳು ಗಾತ್ರದ ಅಕ್ಷರಗಳಲ್ಲಿ ಬರೆಯಬೇಕು. ಬರೆದದ್ದನ್ನು ಭೂತಗನ್ನಡಿಯಲ್ಲಿ ನೋಡುವರು. ಒಂದು ಅಲ್ಪವಿರಾಮ ತಪ್ಪಿದರೂ ಹಾಳೆಯನ್ನೇ ಹರಿದು, ಮತ್ತೆ ಬರೆ ಎನ್ನುವರು. ಶ, ಷ ಎರಡನ್ನೂ ನಾನು ಒಂದೇ ರೀತಿ ಉಚ್ಚರಿಸಿದರೆ ಇಡೀ ಅಂಗಳಕ್ಕೆ ಕೇಳುವಂತೆ ಹತ್ತು ಸಲ ಹೇಳಿಸುವರು. ಮೂಷಿಕ, ಮೂಷಿಕ, ಮೂಷಿಕ... ಓಣಿಯ ಹುಡುಗರಿಗೆ ನಾನು 'ಚೂಹಾ', ಅಂದರೆ ಇಲಿ, ಆದದ್ದು ಹಾಗೆ. ಎರಡು ವರ್ಷವಾದರೂ ಹೆಸರಿನ ಮೂಲ ಒಂದು ಗೇಣೂ ಹತ್ತಿರ ಬರಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎಂದು ಅಪ್ಪ ಮೆಲ್ಲಗೆ ನಗುತ್ತಿದ್ದ. ಇಲಿಯಾದರೂ ಎಲ್ಲಿ ಸಿಕ್ಕಿತು!

ಒಂದು ಭಾನುವಾರ ಅವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮಾಸ್ತರರು ಬಾಗಿಲಲ್ಲಿ ಕೂತು ಮೂರನೆಯ ಸಲ ಅದೇ ಪುಟ ಹೇಳುತ್ತಿದ್ದರು. ಕೇಳಿ ಕೇಳಿ ಅವಳಿಗೆ ಸಾಕಾಯಿತೇನೋ.

'ಯಾಕಿಷ್ಟು ತಲಿ ಕೆಡಿಸ್ಕೊಳ್ಳಾಕತ್ತೀರಿ ಮಾಸ್ತರ್ರ?' ಎಂದಳು. 'ಮೂಸಿ ಅಂದ್ರ ಮೂಸಿ ನೋಡೂದು, ಅಷ್ಟ ಐತಿ. ಮೂಗು ಮುಚ್ಚಲಾರದ ಆ ಹೊಳಿ ದಾಟಿದವ್ರು ಯಾರರ ಅದಾರೇನು? ಅದರ ದಂಡಿಮ್ಯಾಲೆ ಇದ್ದವ್ರು ಮೂಸಿಕರು.'

ನನಗೆ ನಗು ತಡೆಯಲಿಲ್ಲ. ಪಕ್ಕದ ಮನೆಯವರೂ ನಕ್ಕರು. ಮಾಸ್ತರರು ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವ್ವನ ಕಡೆ ನೋಡಿದರು.

'ತಂಗಿ, ನೀ ಜೋಳದಾಗಿನ ಹಳ್ಳು ಆರಿಸು. ಇತಿಹಾಸದಾಗಿನ ಹಳ್ಳು ಆರಸ್ಲಿಕ್ಕೆ ಓದಿದವ್ರು ಇದ್ದೀವಿ.'

ಅವ್ವ ತಲೆ ತಗ್ಗಿಸಿ ಮೊರ ಕೇರತೊಡಗಿದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಆ ದಿನವೇ ಅವರ ಟ್ರಂಕಿಗೆ ಬೆಂಕಿ ಹಚ್ಚಬೇಕೆನಿಸಿತ್ತು ನನಗೆ.

ಎರಡು ವಾರ ಕಳೆದಿರಬಹುದು. ಮಾಸ್ತರರು ಬಹಳ ಹುರುಪಿನಲ್ಲಿದ್ದರು. ಲೇಖನಕ್ಕೆ ಹೊಸದೊಂದು ಭಾಗ ಸೇರಿಸಬೇಕು, ಬರೆದುಕೋ ಎಂದರು. ನಾನು ಬರೆಯತೊಡಗಿದೆ. ಕನ್ನಡದಲ್ಲಿ 'ಮೂಸು' ಎಂಬ ಧಾತುವಿದೆ. ವಾಸನೆಯ ಜಾಡು ಮೂಸಿ ಬೇಟೆಯಾಡುತ್ತಿದ್ದ ಕಾಡಿನ ಜನ ಈ ನದಿಯ ದಂಡೆಯಲ್ಲಿದ್ದಿರಬಹುದು. ಅವರೇ ಮೂಸಿಕರು. ಸಂಸ್ಕೃತದವರು ಅದನ್ನು ಮೂಷಿಕ ಎಂದು ತಿದ್ದಿಕೊಂಡರು, ಇಲಿಯ ಕಥೆ ಆಮೇಲೆ ಅಂಟಿಕೊಂಡದ್ದು... ಕೊನೆಗೆ ಒಂದು ಸಾಲು: 'ಇದು ಈ ಲೇಖಕನಿಗೆ ಮೊದಲ ಬಾರಿಗೆ ಹೊಳೆದ ವಿಚಾರ.'

ನನ್ನ ಕೈ ನಿಂತಿತು. 'ಸರ, ಇದು ನಮ್ಮವ್ವ ಹೇಳಿದ್ದಲ್ಲೇನ್ರಿ?' ಎಂದು ಕೇಳಿಯೇಬಿಟ್ಟೆ.

ಅವರಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ. 'ನಿಮ್ಮವ್ವ ಹೇಳಿದ್ದು ಚಾಷ್ಟಿ. ನಾ ಹೇಳಿದ್ದು ಸಿದ್ಧಾಂತ. ಬರಿ,' ಎಂದರು.

ಬರೆದೆ. ಹಲ್ಲು ಕಚ್ಚಿಕೊಂಡು ಬರೆದೆ. ಅಲ್ಪವಿರಾಮ ಸಮೇತ.

ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಅವರು ಆ ಲೇಖನ ಓದುವುದಿತ್ತು. ಕರ್ನಾಟಕದಿಂದ ಯಾರೋ ದೊಡ್ಡ ವಿದ್ವಾಂಸರು ಅಧ್ಯಕ್ಷತೆಗೆ ಬರುತ್ತಿದ್ದರು. ಮಾಸ್ತರರಿಗೆ ನಿವೃತ್ತಿ ಹತ್ತಿರವಿತ್ತು. ಇಷ್ಟು ವರ್ಷ ತಮ್ಮನ್ನು ಹೈದರಾಬಾದಿನ ಶಾಲೆ ಮಾಸ್ತರ ಎಂದು ಬದಿಗಿಟ್ಟವರೆಲ್ಲ ಈ ಒಂದು ದಿನದಿಂದ ತಿರುಗಿ ನೋಡುತ್ತಾರೆಂದು ಅವರು ನಂಬಿದ್ದರು. ಕೊನೆಯ ಶುದ್ಧ ಪ್ರತಿಯನ್ನು ಸಭೆಯ ದಿನ ಬೆಳಗ್ಗೆ ಕೊಡುತ್ತೇನೆ ಎಂದು ಬೇಕೆಂದೇ ತಡಮಾಡಿದೆ. ಭೂತಗನ್ನಡಿಗೆ ಹೊತ್ತು ಸಿಗಬಾರದಿತ್ತು. 'ಹೊಳೆದ ವಿಚಾರ' ಎಂಬ ಸಾಲನ್ನು ಬಿಟ್ಟು, ಆ ಜಾಗದಲ್ಲಿ ನಾನು ಬರೆದದ್ದು ಹೀಗಿತ್ತು: 'ಇದನ್ನು ಮೊದಲು ಹೇಳಿದವರು ನಮ್ಮ ಅಂಗಳದ ಕೊನೆಯ ಮನೆಯ ಹೆಣ್ಣುಮಗಳು. ಅವರು ಜೋಳ ಹಸನು ಮಾಡುತ್ತ ಇದನ್ನು ಹೇಳಿದರು.' ಅದರ ಮುಂದೆ ಅವ್ವನ ಪೂರ್ತಿ ಹೆಸರು, ತವರೂರು ಸಮೇತ.

ಅವ್ವನನ್ನು ನಾನೇ ಸಭೆಗೆ ಕರೆದುಕೊಂಡು ಹೋದೆ. ಇಳಕಲ್ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಳು. ಮಾಸ್ತರರು ಓದುತ್ತ ಹೋದರು. ಅವರ ದನಿ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಓದಿನ ಓಘದಲ್ಲಿ ನನ್ನ ಸಾಲೂ ಬಂತು. ಅವರ ಬಾಯಿಂದ ಅವ್ವನ ಹೆಸರು, ಅವಳ ಊರು, ಜೋಳ, ಎಲ್ಲ ಸ್ಪಷ್ಟವಾಗಿ ಹೊರಬಿತ್ತು. ಆಮೇಲೆ ನಿಂತರು. ಹಾಳೆಯನ್ನು ಮೂಗಿನ ಹತ್ತಿರ ತಂದುಕೊಂಡರು. ಮೂಸಿ ನೋಡಿದ ಹಾಗೆ ಕಾಣಿಸಿತು ನನಗೆ. ಒಂದು ಮಾತು, ಹೌದು ಎನ್ನುವ ಒಂದೇ ಮಾತು ಅವರು ಆಡಿದ್ದರೆ ನಾನು ಅವರ ಕಾಲು ಮುಟ್ಟುತ್ತಿದ್ದೆ.

'ಸಭಿಕರು ಕ್ಷಮಿಸಬೇಕು,' ಎಂದರು. 'ಇದು ಲಿಪಿಕಾರದೋಷ.'

ಹಳೆಯ ಓಲೆಗರಿಗಳನ್ನು ನಕಲು ಮಾಡಿದವರು ಕೈತಪ್ಪಿ ಏನಾದರೂ ಸೇರಿಸಿದರೆ ವಿದ್ವಾಂಸರು ಹಾಗೆನ್ನುತ್ತಾರೆ. ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರೂ ನಕ್ಕರು. ಹಿಂದಿನಿಂದ ಯಾರೋ, 'ಇತಿಹಾಸದಾಗ ಜೋಳದ ಹಿಟ್ಟು ಕಲಸ್ಯಾರಪಾ!' ಎಂದರು. ಮತ್ತೆ ನಗು. ನಾನು ಮಾಸ್ತರರ ಮೇಲೆ ಎಸೆದ ಕಲ್ಲು ಹೋಗಿ ಅವ್ವನಿಗೆ ಬಿದ್ದಿತ್ತು. ಅವಳ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ನೋಡಿದಾಗ ಅವಳೂ ಎಲ್ಲರ ಜೊತೆ ನಗುತ್ತಿದ್ದಳು.

ಬಸ್ಸಿಗೆ ಕಾಯುವಾಗ ಅವಳು, ಲಿಪಿಕಾರದೋಷ ಅಂದರೇನು ಎಂದು ಕೇಳಿದಳು. ನಾನು ಸುಳ್ಳು ಹೇಳಿದೆ. ದೊಡ್ಡ ಸಭೆಯಲ್ಲಿ ಒಬ್ಬರ ಉಪಕಾರ ನೆನೆಯುವಾಗ ಹಾಗೆ ಹೇಳುವುದು ಹಳೆಯ ಪದ್ಧತಿ ಎಂದೆ. ಹೌದೇನು, ಎಂದಳು. ಮಾರನೆಯ ದಿನ ಸಂಜೆ ಎರಡು ಬಿಸಿ ರೊಟ್ಟಿ, ಪುಂಡಿ ಪಲ್ಯ ತಾಟಿನಲ್ಲಿಟ್ಟು, 'ಮಾಸ್ತರ್ರಿಗೆ ಕೊಟ್ಟು ಬಾ' ಎಂದಳು. ಸಭೆಯಲ್ಲಿ ಮಾಸ್ತರರು ತನ್ನ ಹೆಸರು ತೆಗೆದುಕೊಂಡರೆಂದು ಅಂಗಳದಲ್ಲೆಲ್ಲ ಹೇಳಿಕೊಂಡು ತಿರುಗಿದಳು. ನನ್ನ ಸುಳ್ಳು ನನ್ನ ಕೊರಳಿಗೇ ಗಂಟು ಬಿತ್ತು. ಯಾರ ಮುಖ ನೋಡಿದರೆ ಮೈ ಉರಿಯುತ್ತಿತ್ತೋ ಅವರ ಬಾಗಿಲಿಗೆ ದಿನಾ ರೊಟ್ಟಿ ಹೊತ್ತುಕೊಂಡು ಹೋಗಬೇಕಾಯಿತು.

ಮಾಸ್ತರರು ಆ ಸಭೆಯ ಬಗ್ಗೆ ನನ್ನ ಹತ್ತಿರ ಆಡಿದ್ದು ಒಂದೇ ಸಲ. ಮೊದಲ ದಿನ ತಾಟು ತೆಗೆದುಕೊಳ್ಳುತ್ತ, 'ನಿನ್ನ ಅಕ್ಷರ ಛಲೋ ಅದಾವ. ಅಕ್ಷರ ಛಲೋ ಇದ್ದವ್ರನ್ನ ನಂಬಬಾರದು,' ಎಂದರು. ಮತ್ತೆ ನನ್ನಿಂದ ಒಂದು ಸಾಲೂ ಬರೆಸಲಿಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೆ ನಾನು ಕೊಟ್ಟ ಪ್ರಬಂಧವನ್ನು ಓದದೆಯೇ ಹಿಂದಿರುಗಿಸಿದರು. ರೊಟ್ಟಿಯನ್ನು ಮಾತ್ರ ಹಿಂದಿರುಗಿಸಲಿಲ್ಲ. ನಿವೃತ್ತರಾಗಿ ಹುಬ್ಬಳ್ಳಿಯಲ್ಲಿದ್ದ ತಮ್ಮನ ಮಗನ ಮನೆಗೆ ಹೊರಡುವ ದಿನದವರೆಗೂ ತಿಂದರು. ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮದುವೆಯಾಗಿ, ಮಕ್ಕಳಾಗಿ, ನಾವು ಗಚ್ಚಿಬೌಲಿಯ ಅಪಾರ್ಟ್‌ಮೆಂಟಿಗೆ ಬಂದು ಬಹಳ ವರ್ಷಗಳಾಗಿದ್ದವು. ಅಪ್ಪ ಇರಲಿಲ್ಲ, ಅವ್ವ ನಮ್ಮ ಜೊತೆಗಿದ್ದಳು. ಸುದ್ದಿ ಕೇಳಿ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಎಲ್ಲಿತ್ತೋ ಸಿಟ್ಟು. ಸಾಕು ಮಾಡು ಎಂದು ಕೂಗಿದೆ. ಲಿಪಿಕಾರದೋಷ ಎಂಬ ಮಾತಿನ ಅರ್ಥ ಅದಲ್ಲ, ಅವರು ನಿನ್ನನ್ನು ಸಭೆಯ ಮುಂದೆ ತಪ್ಪು ಎಂದರು, ನಿನ್ನ ಮಾತು ಕದ್ದು ನಿನ್ನನ್ನೇ ಒರೆಸಿ ಹಾಕಿದರು, ನಾನು ನಿನಗೆ ಸುಳ್ಳು ಹೇಳಿದೆ ಎಂದು ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವ್ವ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. 'ದೋಷ ಅಂದ್ರ ದೋಷ ಅಂತ ತಿಳೀಲಾರದಷ್ಟು ದಡ್ಡಿ ಏನು ನಾ?' ಎಂದಳು. 'ಮಂದಿ ನಕ್ಕಿದ್ದು ಕಾಣಲಿಲ್ಲೇನು ನನಗ?'

'ಮತ್ತ ರೊಟ್ಟಿ ಯಾಕ ಕಳಿಸಿದಿ?'

ಅದಕ್ಕೆ ಅವಳು ಹೇಳಿದ್ದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಮದುವೆಯಾದ ಹೊಸತರಲ್ಲಿ ಅಪ್ಪ ಅವಳನ್ನು ಈ ಊರಿಗೆ ಕರೆತಂದಾಗ ಅವರು ಗೌಳಿಗುಡಾ ಬಸ್ ನಿಲ್ದಾಣದಲ್ಲಿ ಇಳಿದರು. ಪಕ್ಕದಲ್ಲೇ ಮೂಸಿ. ಅಪ್ಪ ಸಿಟಿ ಬಸ್ಸು ವಿಚಾರಿಸಲು ಹೋಗಿದ್ದ. ತವರು ಬಿಟ್ಟು ಬಂದ ಸಂಕಟಕ್ಕೆ ಆ ನಾತವೂ ಸೇರಿ ಅವ್ವ ಗಂಟಿನ ಮೇಲೆ ಕೂತು ಅಳುತ್ತಿದ್ದಳು. ಹತ್ತಿರದಲ್ಲಿ ಗೋಡೆ ಕಟ್ಟುತ್ತಿದ್ದರು. ಗಾರೆ ಬುಟ್ಟಿ ಹೊರುತ್ತಿದ್ದ ಒಬ್ಬ ಹೆಂಗಸು ಇವಳ ಬಾಯಲ್ಲಿ ಕನ್ನಡ ಕೇಳಿ ಬುಟ್ಟಿ ಇಳಿಸಿ ಬಂದಳು. ಯಾದಗಿರಿ ಕಡೆಯ ಮಾತು.

'ಅಳಬ್ಯಾಡ ನನ್ನವ್ವ ಅಂದ್ಲು. ಈ ಊರು ಮೊದಲು ಮೂಸಿ ನೋಡಬೇಕು, ಆಮ್ಯಾಲ ನುಂಗಬೇಕು. ಅದಕ್ಕ ಹೊಳಿಗಿ ಮೂಸಿ ಅಂತಾರ, ನಾವೆಲ್ಲ ಮೂಸೋ ಮಂದಿ ಅಂದ್ಲು. ಅಳಾಕತ್ತಾಕಿ ನಕ್ಕುಬಿಟ್ಟೆ ನೋಡು.' ಅವ್ವ ಸೊಪ್ಪಿನ ಕಡ್ಡಿ ಬದಿಗಿಟ್ಟಳು. 'ಆ ಮಾತು ನಂದಲ್ಲವಾ. ಅಂಗಳದಾಗ ನಂದಂತ ಆಡಿದೆ. ಅವ ತನ್ನದಂತ ಓದಿದ. ಕಳ್ಳಿ ಕಳ್ಳಗ ಏನಂತ ಬೈಬೇಕು? ರೊಟ್ಟಿ ಕಳಿಸಿದೆ.'

'ಆಕೀ ಹೆಸರೇನು?'

'ಕೇಳಲಿಲ್ಲ. ಬಸ್ಸು ಬಂತು.'

ಆ ಸಭೆಯ ದಿನವೇ ಎದ್ದು ನಿಂತು ಇದನ್ನು ಹೇಳಬೇಕೆಂದಿದ್ದಳಂತೆ. ನನ್ನ ಮುಖ ನೋಡಿ ಬಿಟ್ಟಳಂತೆ. ಮಗಳು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ತಾನೇ ತಪ್ಪು ಎನ್ನುವುದು ಹೇಗೆ ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಅಷ್ಟು ವರ್ಷ ಜತನದಿಂದ ಸಾಕಿದ ದ್ವೇಷದ ಕಾಲನ್ನು ಅವಳು ಒಂದು ಮಾತಿನಲ್ಲಿ ಮುರಿದಿದ್ದಳು.

ಹಾಗೆಂದು ನಾನು ಮಾಸ್ತರರನ್ನು ಕ್ಷಮಿಸಿಲ್ಲ. ಅವ್ವ ಕದ್ದದ್ದು ನಗಿಸುವುದಕ್ಕೆ, ಅವರು ಕದ್ದದ್ದು ಮೆರೆಯುವುದಕ್ಕೆ. ಅಪ್ಪನ ಹಿತ್ತಿಲ ಹಗ್ಗಕ್ಕೆ ಯಾವ ಲೆಕ್ಕದಲ್ಲೂ ಮಾಫಿ ಇಲ್ಲ.

ಅವ್ವ ಹೋಗಿ ಎರಡು ವರ್ಷವಾಯಿತು. ಈಗ ಸಂಘದವರು ಒಂದು ನೆನಪಿನ ಸಂಪುಟ ತರುತ್ತಿದ್ದಾರೆ. ಅದರಲ್ಲಿ ಮಾಸ್ತರರ ಮೂಷಿಕರ ಲೇಖನವೂ ಇದೆ. ಅವರ ತಮ್ಮನ ಮಗ ಟ್ರಂಕಿನಿಂದ ಹುಡುಕಿ ಕಳಿಸಿದ, ಸಭೆಗೆ ಮುಂಚಿನ ಪ್ರತಿಯಂತೆ. ನೀವು ಅವರ ಪ್ರೀತಿಯ ಶಿಷ್ಯೆ, ಕರಡು ತಿದ್ದಿಕೊಡಬೇಕು ಎಂದು ಸಂಘದ ಕಾರ್ಯದರ್ಶಿಗಳು ಮೊನ್ನೆ ಹಾಳೆಗಳನ್ನು ಮನೆಗೆ ಕಳಿಸಿದರು. ಪ್ರೀತಿಯ ಶಿಷ್ಯೆ! ಓದುತ್ತ ಹೋದೆ. ಮುಚುಕುಂದಾ, ಇಲಿ, ಕೇರಳದ ಕರಾವಳಿ, ಸವೆದ ಶಾಸನ... ಎಲ್ಲ ನನ್ನ ಕೈ ಬರೆದದ್ದೇ. ನಾಲ್ಕನೆಯ ಭಾಗದ ಕೊನೆಗೆ ಆ ಸಾಲು ಹಾಗೇ ಕೂತಿತ್ತು: 'ಇದು ಈ ಲೇಖಕನಿಗೆ ಮೊದಲ ಬಾರಿಗೆ ಹೊಳೆದ ವಿಚಾರ.'

ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಹಾಕಿದೆ. ಅವ್ವನ ಹೆಸರು ಬರೆದೆ. ಬರೆದು, ಬಹಳ ಹೊತ್ತು ನೋಡಿ, ಅದನ್ನೂ ಹೊಡೆದು ಹಾಕಿದೆ. ಆಗ ಅಳು ಬಂತು. ಜಗಳ ಮಾಡಲು ಮಾಸ್ತರರಿಲ್ಲ, ಕೇಳಲು ಅವ್ವ ಇಲ್ಲ. ಗಾರೆ ಹೊತ್ತ ಆ ಹೆಂಗಸು ಯಾರಿಂದ ಕೇಳಿದ್ದಳೋ, ಎಲ್ಲಿ ಹೋದಳೋ, ಆ ಗೋಡೆಯಾದರೂ ಇದೆಯೋ ಇಲ್ಲವೋ. ಕೊನೆಗೆ ಹೀಗೆ ಬರೆದು ಕಳಿಸಿದೆ: 'ಇದನ್ನು ಮೊದಲು ಹೇಳಿದವರ ಹೆಸರು ತಿಳಿಯದು. ಗೌಳಿಗುಡಾದಲ್ಲಿ ಗಾರೆ ಹೊರುತ್ತಿದ್ದ ಒಬ್ಬ ಹೆಣ್ಣುಮಗಳು ಹೇಳಿದ್ದೆಂದು ಕೇಳಿಕೆ.'

ನಿನ್ನೆ ಕಾರ್ಯದರ್ಶಿಗಳು ಫೋನ್ ಮಾಡಿದರು. 'ಮೇಡಂ, ಈ ಸಾಲು ಮೂಲದಾಗ ಇಲ್ಲಲ್ರಿ. ಮಾಸ್ತರ ಬರದಿದ್ದಲ್ಲ ಇದು. ಹೆಂಗ ಬಂತು ಅಂತ ತಿಳಕೊಳ್ಳೂಣ್ರಿ?'

'ಲಿಪಿಕಾರದೋಷ ಅಂತ ತಿಳ್ಕೊಳ್ರಿ,' ಎಂದೆ. 'ಆದರ ತೆಗೀಬ್ಯಾಡ್ರಿ.'